ಪುಟದ ಲೆಕ್ಕ

ಓಲೆಗರಿಯ ಗ್ರಂಥಗಳಲ್ಲಿ ಎಣಿಕೆಯು ಗರಿಗೇ ಹೊರತು ಪುಟಕ್ಕಲ್ಲ. ದಾರ ಪೋಣಿಸುವ ರಂಧ್ರದ ಸುತ್ತ ತೆರವು ಬಿಟ್ಟು ಲಿಪಿಕಾರನು ಬರೆಯಬೇಕಾಗಿತ್ತು. ಅಚ್ಚಿನ ಪುಸ್ತಕದಲ್ಲಿ ಆ ನಿರ್ಬಂಧವು ತೊಲಗಿ ಮತ್ತೊಂದು ಬಂದಿತು. ಅದು ಕಾಗದದ ಮಡಿಕೆ.

ಕನ್ನಡ ಪುಸ್ತಕಗಳಲ್ಲಿ ಡೆಮಿ 1/8 ಮತ್ತು ಕ್ರೌನ್ 1/8 ಅಳತೆಗಳು ಬಳಕೆಯಲ್ಲಿವೆ. ಹಾಳೆಯನ್ನು ಮೂರು ಸಲ ಮಡಿಸಿದರೆ 8 ಎಲೆ, 16 ಪುಟ. ಮುದ್ರಣಾಲಯದವರು ಇದನ್ನು ಒಂದು ಫಾರಂ ಎನ್ನುತ್ತಾರೆ. ಪುಸ್ತಕವು 163 ಪುಟಗಳಾದರೆ 10 ಫಾರಂ ತುಂಬಿ 3 ಪುಟ ಹೊರಗುಳಿಯುತ್ತವೆ. ಕಾಲು ಫಾರಂ ಸೇರಿಸಬಹುದು. ಆದರೆ ಖರ್ಚಿಗೆ ಅಂಜಿದವರು ಅಕ್ಷರವನ್ನು ಕಿರಿದುಗೊಳಿಸಿ, ಸಾಲುಗಳನ್ನು ಒತ್ತಿ, ಹತ್ತರಲ್ಲಿಯೇ ಅಡಗಿಸುತ್ತಾರೆ. ಇಂಗ್ಲಿಷಿಗೆ ಸಲ್ಲುವ ಈ ಮಿತವ್ಯಯ ಕನ್ನಡಕ್ಕೆ ಸಲ್ಲದು. 'ರಾಷ್ಟ್ರ', 'ಸ್ತ್ರೀ' ಎಂಬಲ್ಲಿ ಒತ್ತಿನ ಕೆಳಗೆ ಮತ್ತೊಂದು ಒತ್ತು. ಸಾಲುಗಳ ಅಂತರ ಕುಗ್ಗಿದರೆ ಅದು ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಬೀದಿಯ ಫಲಕಗಳಲ್ಲಿ ಅನ್ಯಲಿಪಿಯನ್ನೇ ಹೆಚ್ಚಾಗಿ ಕಾಣುವ ನಮ್ಮ ಗಡಿನಾಡಿನ ಮಗುವಿಗೆ ಇಂತಹ ಕಿಕ್ಕಿರಿದ ಪುಟವನ್ನು ಕೊಟ್ಟು, ಕನ್ನಡ ಓದುವುದಿಲ್ಲವೆಂದು ದೂರುವುದು ನ್ಯಾಯವಲ್ಲ.

ಮುನ್ನುಡಿಗೆ ಪ್ರತ್ಯೇಕ ಸಂಖ್ಯೆ ಏಕೆಂದು ಹಲವರು ಕೇಳುವುದುಂಟು. ಮೊಳೆಗಳನ್ನು ಜೋಡಿಸುತ್ತಿದ್ದ ಕಾಲದಲ್ಲಿ ಒಂದು ಫಾರಂ ಅಚ್ಚಾದೊಡನೆ ಮೊಳೆಗಳನ್ನು ಬಿಚ್ಚಿ ಮುಂದಿನದಕ್ಕೆ ಬಳಸುತ್ತಿದ್ದರು. ಮುನ್ನುಡಿಯು ಸಾಮಾನ್ಯವಾಗಿ ಕಡೆಗೆ ಬರುವಂಥದು, ಅದರ ಉದ್ದವೂ ಮೊದಲೇ ತಿಳಿಯದು. ಆದುದರಿಂದ ಗ್ರಂಥಭಾಗವನ್ನು 1ರಿಂದ ಆರಂಭಿಸಿ, ಮುನ್ನುಡಿಗೆ ರೋಮನ್ ಅಂಕಿಗಳನ್ನು ಮೀಸಲಿಟ್ಟರು. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿಯೂ ಇದೇ ಕ್ರಮವಿದೆ. ಅದರ ಶಬ್ದಭಾಗವು 1752ನೆಯ ಪುಟಕ್ಕೆ ಮುಗಿಯುತ್ತದೆ.

ಪದ್ಯಗ್ರಂಥಗಳಲ್ಲಿ ಲೆಕ್ಕ ಇನ್ನೂ ಸೂಕ್ಷ್ಮವಾದುದು. ಭಾಮಿನೀ ಷಟ್ಪದಿಗೆ 6 ಸಾಲು, ಪದ್ಯಗಳ ನಡುವೆ 1 ಸಾಲು ತೆರವು. ಪುಟಕ್ಕೆ 25 ಸಾಲೆಂದು ಗೊತ್ತುಪಡಿಸಿದರೆ ನಾಲ್ಕನೆಯ ಪದ್ಯದ ಕೊನೆಯ ಎರಡು ಪಾದಗಳು ಮುಂದಿನ ಪುಟಕ್ಕೆ ಜಾರುತ್ತವೆ. 27 ಆದರೆ ನಾಲ್ಕು ಪದ್ಯಗಳು ಸರಿಯಾಗಿ ಹಿಡಿಸುತ್ತವೆ. ಇನ್ನು ಅಗಲ. ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ 14 ಮಾತ್ರೆ; ಮೂರು ಮತ್ತು ಆರನೆಯವಕ್ಕೆ 23. ದೀರ್ಘ ಪಾದಗಳಿಗೆ ಹೊಂದುವಂತೆ ಅಗಲವನ್ನು ನಿಶ್ಚಯಿಸದಿದ್ದರೆ ಅವೆರಡೂ ಮುರಿದು ಷಟ್ಪದಿಯು ಅಷ್ಟಪದಿಯಾದೀತು!

ನಮ್ಮ ನಾಡಿಗೆ ಹತ್ತಿರದ ನಿದರ್ಶನವೆಂದರೆ ಯಕ್ಷಗಾನದ ಪ್ರಸಂಗಪುಸ್ತಕ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ಮನೆಯಲ್ಲಿ ಕುಳಿತು ಓದುವವರಿಗಿಂತ ರಂಗಸ್ಥಳದಲ್ಲಿ ಹಾಡುವವರಿಗೆ ಅದರ ಅಗತ್ಯ ಹೆಚ್ಚು. ಭಾಗವತರ ಕೈಯಲ್ಲಿ ಜಾಗಟೆ, ಎದುರಿಗೆ ಪುಸ್ತಕ, ರಾತ್ರಿಯ ಬೆಳಕು. ರಾಗತಾಳಗಳ ಹೆಸರು ಪುಟದ ತಳದಲ್ಲಿ ಒಂಟಿಯಾಗಿ ಉಳಿದು ಪದ್ಯವು ಮರುಬದಿಗೆ ಹೋದರೆ, ಹಾಡುವವರು ತಾಳದ ನಡುವೆ ಹಾಳೆ ಮಗುಚಬೇಕು. ಎಡಪುಟದ ಪದ್ಯವು ಬಲಪುಟಕ್ಕೆ ಮುಂದುವರಿದರೆ ಬಾಧೆಯಿಲ್ಲ, ಎರಡೂ ಕಣ್ಣೆದುರಿಗೇ ಇರುತ್ತವೆ. ಬಲಪುಟವು, ಅಂದರೆ ಬೆಸಸಂಖ್ಯೆಯ ಪುಟವು, ಪದ್ಯದೊಂದಿಗೇ ಮುಗಿಯಬೇಕು. ಅದಕ್ಕಾಗಿ ತಳದಲ್ಲಿ ನಾಲ್ಕು ಸಾಲು ಬರಿದಾಗಿ ಉಳಿದರೂ ಉಳಿಯಲಿ.