ಎನ್ರಾನ್ ಮಸಿ ಅಕ್ಸೆಂಚರ್‌ಗೆ ಏಕೆ ಮೆತ್ತಲಿಲ್ಲ?

ಪ್ರಶ್ನೆ: ಮಗಳಿಗೆ ಕ್ಯಾಂಪಸ್ ಸಂದರ್ಶನದಲ್ಲಿ ಅಕ್ಸೆಂಚರ್ ಕೆಲಸ ಸಿಕ್ಕಿದೆ. ಎನ್ರಾನ್ ಹಗರಣದಲ್ಲಿ ಸಿಕ್ಕಿಬಿದ್ದ ಆಡಿಟ್ ಸಂಸ್ಥೆಯೇ ಮುಖ ಮುಚ್ಚಿಕೊಳ್ಳಲು ಹೆಸರು ಬದಲಿಸಿಕೊಂಡು ಅಕ್ಸೆಂಚರ್ ಆಯಿತು ಎನ್ನುತ್ತಾರೆ ನಮ್ಮ ಭಾವ. ನಿಜವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಭಾವನವರು ಹೇಳಿದ ನಂಟು ನಿಜ, ಇಸವಿಗಳು ಮಾತ್ರ ಹಿಂದುಮುಂದಾಗಿವೆ. ಅವರು ಹೇಳುವ ಆಡಿಟ್ ಸಂಸ್ಥೆ, ಷಿಕಾಗೊದಲ್ಲಿ 1913ರಲ್ಲಿ ಶುರುವಾದ ಆರ್ಥರ್ ಆಂಡರ್ಸನ್. 1950ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ, ಕೆಂಟಕಿಯ ಲೂಯಿವಿಲ್ ಕಾರ್ಖಾನೆಯ ಸಂಬಳದ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಲು ಇವರ ಸಲಹೆ ಕೇಳಿತು. ಜೋಸೆಫ್ ಗ್ಲಿಕಾಫ್ ಎಂಬ ಎಂಜಿನಿಯರ್ ಮುಂದೆ ನಿಂತರು. 1954ರಲ್ಲಿ ಅಲ್ಲಿಗೆ ಯುನಿವ್ಯಾಕ್ ಬಂತು: 5,000ಕ್ಕೂ ಹೆಚ್ಚು ವಾಲ್ವ್‌ಗಳಿದ್ದ, ಕೋಣೆ ತುಂಬುವ ಕಂಪ್ಯೂಟರ್. ಸಂಬಳದ ಚೀಟಿ ತಯಾರಿಸಲು ಅಷ್ಟು ದೊಡ್ಡ ಸಂಸಾರ! ಅಕ್ಸೆಂಚರ್‌ನ ಬೇರು ಇರುವುದು ಆ ಕೋಣೆಯಲ್ಲಿ.

ಅಲ್ಲಿಂದ ಬೆಳೆದ ಸಲಹಾ ವಿಭಾಗ 1989ರಲ್ಲಿ ಆಂಡರ್ಸನ್ ಕನ್ಸಲ್ಟಿಂಗ್ ಎಂಬ ಪ್ರತ್ಯೇಕ ಘಟಕವಾಯಿತು. ಆಡಿಟ್, ಸಲಹೆ ಎರಡು ಬಣಗಳಲ್ಲಿ ಹೆಚ್ಚು ಲಾಭ ಮಾಡಿದವರು ಇನ್ನೊಬ್ಬರಿಗೆ ಪಾಲು ಕೊಡಬೇಕೆಂಬ ಕರಾರಿತ್ತು. ಕೊಡುವ ಸರದಿ ಮಾತ್ರ ಯಾವಾಗಲೂ ಸಲಹೆಗಾರರದ್ದೇ. ಸಾಲದ್ದಕ್ಕೆ ಆಡಿಟ್‌ನವರು ತಾವೂ ಸಲಹಾ ವ್ಯವಹಾರಕ್ಕಿಳಿದು ಇವರಿಗೇ ಪೈಪೋಟಿ ಒಡ್ಡಿದರು. ಅಣ್ಣ ದುಡಿದದ್ದರಲ್ಲಿ ಪಾಲು ಪಡೆದು, ಅವನ ಅಂಗಡಿಯೆದುರೇ ಅದೇ ಸರಕಿನ ಅಂಗಡಿ ಇಟ್ಟರೆ ಯಾವ ಅಣ್ಣ ಸುಮ್ಮನಿರುತ್ತಾನೆ? 1997ರ ಕೊನೆಗೆ ವ್ಯಾಜ್ಯ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಪಂಚಾಯ್ತಿಕೆಗೆ ಹೋಯಿತು. ಬಿಟ್ಟುಹೋಗುವುದಾದರೆ 1,400 ಕೋಟಿ ಡಾಲರ್‌ಗೂ ಹೆಚ್ಚು ಕೊಡಿ ಎಂದಿತು ಆಡಿಟ್ ಬಣ. 2000ದ ಆಗಸ್ಟ್‌ನಲ್ಲಿ ಬಂದ ತೀರ್ಪು ಆ ಬೇಡಿಕೆಯನ್ನು ತಳ್ಳಿಹಾಕಿತು. ಸಲಹೆಗಾರರು ಬೇರೆಯಾಗಬಹುದು, ಆದರೆ ಆಂಡರ್ಸನ್ ಹೆಸರನ್ನು ಬಿಟ್ಟುಕೊಡಬೇಕು.

ಪಳಗಿದ ಹೆಸರು ಕೈಬಿಟ್ಟದ್ದು ಆಗ ದೊಡ್ಡ ನಷ್ಟವೆನಿಸಿತ್ತು. ಓಸ್ಲೊ ಕಚೇರಿಯ ಉದ್ಯೋಗಿಯೊಬ್ಬರು ಸೂಚಿಸಿದ 'ಅಕ್ಸೆಂಚರ್' 2001ರ ಜನವರಿ 1ರಿಂದ ಬಳಕೆಗೆ ಬಂತು. ಜುಲೈಯಲ್ಲಿ ಷೇರು ಮಾರುಕಟ್ಟೆ ಪ್ರವೇಶವೂ ಆಯಿತು. ಆರ್ಥರ್ ಆಂಡರ್ಸನ್ ಲೆಕ್ಕ ಪರಿಶೋಧಿಸುತ್ತಿದ್ದ ಅಮೆರಿಕದ ಇಂಧನ ಕಂಪನಿ ಎನ್ರಾನ್, ಲೆಕ್ಕಪತ್ರದ ಮೋಸ ಬಯಲಾಗಿ ದಿವಾಳಿಯಾದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಎನ್ರಾನ್‌ಗೆ ಸಂಬಂಧಿಸಿದ ಕಾಗದಪತ್ರ ನಾಶಪಡಿಸಿದ ಪ್ರಕರಣದಲ್ಲಿ ಆರ್ಥರ್ ಆಂಡರ್ಸನ್ 2002ರಲ್ಲಿ ತಪ್ಪಿತಸ್ಥ ಎನಿಸಿಕೊಂಡಿತು. ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲಿ ಆ ತೀರ್ಪನ್ನು ರದ್ದುಮಾಡಿತಾದರೂ ಅಷ್ಟರಲ್ಲಿ ಆಡಿಟ್ ವ್ಯವಹಾರ ಮುಳುಗಿಹೋಗಿತ್ತು. ಅಕ್ಸೆಂಚರ್ ಬಚಾವಾದದ್ದರಲ್ಲಿ ಜಾಣತನಕ್ಕಿಂತ ಅದೃಷ್ಟದ ಪಾಲೇ ಹೆಚ್ಚು ಎಂಬುದು ನನ್ನ ಎಣಿಕೆ. ಮಗಳು ನಿಶ್ಚಿಂತೆಯಿಂದ ಸೇರಲಿ.

ಪ್ರಶ್ನೆ: ಅಕ್ಸೆಂಚರ್ ಅಮೆರಿಕದ ಕಂಪನಿಯೋ, ಐರ್ಲೆಂಡಿನದೋ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಷೇರು ವಹಿವಾಟು ನ್ಯೂಯಾರ್ಕಿನಲ್ಲಿ, ನೋಂದಣಿ ಐರ್ಲೆಂಡಿನಲ್ಲಿ. 2001ರಲ್ಲಿ ಬರ್ಮುಡಾದಲ್ಲಿ ನೋಂದಾಯಿಸಿಕೊಂಡು, 2009ರಲ್ಲಿ ಐರ್ಲೆಂಡಿಗೆ ಬದಲಾಯಿಸಿಕೊಂಡಿತು. ಇದರಲ್ಲಿ ತೆರಿಗೆಯ ಲೆಕ್ಕಾಚಾರ ಇರಲೇ ಇಲ್ಲ ಎಂದರೆ ನಾನಂತೂ ನಂಬುವುದಿಲ್ಲ. ಇನ್ನು ದುಡಿಯುವವರ ತಲೆ ಎಣಿಸಿದರೆ ಭಾರತದ್ದೇ ಮೇಲುಗೈ. ಇಲ್ಲಿರುವ ಅದರ ಉದ್ಯೋಗಿಗಳು 3 ಲಕ್ಷಕ್ಕೂ ಹೆಚ್ಚು.