ಡಬ್ಲಿನ್ ಓದಿಗೆ ಆಂಡರ್ಸನ್‌ಪೇಟೆಯ ಲೆಕ್ಕ

ಐರಿಷ್ ಸಾಹಿತ್ಯ, ಇತಿಹಾಸ ಓದುವವರಿಗೆಂದೇ ತೆಗೆದಿಟ್ಟ ದುಡ್ಡು ಕಡಿಮೆ. ಇರುವುದರಲ್ಲಿ ದೊಡ್ಡ ಪಾಲು ಅಮೆರಿಕದವರಿಗೆ. ಜಾರ್ಜ್ ಮಿಚೆಲ್ ಹೆಸರಿನಲ್ಲಿದ್ದ ವಿದ್ಯಾರ್ಥಿವೇತನ ಎಷ್ಟು ದೊಡ್ಡದಾಗಿದ್ದರೂ ನಮಗಾಗಿರಲಿಲ್ಲ, ಅದು ಅಮೆರಿಕದ ಪೌರರಿಗೆಂದೇ ಮಾಡಿದ್ದು. ನನ್ನ ಅಕ್ಕನ ಮಗಳು ಇಂಥ ಹೆಸರುಗಳ ಉದ್ದನೆಯ ಪಟ್ಟಿ ಹಿಡಿದು ಬಂದಾಗ ಇಬ್ಬರೂ ಕೂತು ಒಂದೊಂದನ್ನೇ ಹೊಡೆದುಹಾಕಿದೆವು. ಉಳಿದವು ಬೆರಳೆಣಿಕೆಯಷ್ಟು. ಅವುಗಳಲ್ಲಿ ದುಡ್ಡು ಹೆಚ್ಚು ಸಿಗುವುದರ ಮೇಲೆ ಐರ್ಲೆಂಡಿನ ಹೆಸರೇ ಇರಲಿಲ್ಲ.

ಹುಡುಗಿ ಕೋಲಾರದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿದವಳು. ಐರಿಷ್ ನಾಟಕಕಾರ ಸಿಂಗ್ ಬರೆದ ‘ರೈಡರ್ಸ್ ಟು ದ ಸೀ’ ನಾಟಕ ಪಠ್ಯದಲ್ಲಿತ್ತು. ಗಂಡುಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಸಮುದ್ರಕ್ಕೆ ಕಳೆದುಕೊಳ್ಳುವ ತಾಯಿಯ ಕಥೆ. “ಮಾಮಾ, ಅಲ್ಲಿ ಸಮುದ್ರ, ಇಲ್ಲಿ ಮೈನ್ಸು, ಅಷ್ಟೇ ವ್ಯತ್ಯಾಸ” ಅಂದಳು. ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಸಿಡಿದು ಸತ್ತವರ ಹೆಸರು ಹೇಳುವ ಮನೆಗಳು ಆಂಡರ್ಸನ್‌ಪೇಟೆಯ ನಮ್ಮ ಬೀದಿಯಲ್ಲೇ ಇವೆ. ಅವಳ ಅಪ್ಪ, ಅಂದರೆ ನಮ್ಮ ಭಾವ, 2001ರ ಫೆಬ್ರವರಿ 28ರಂದು ಗಣಿ ಕಂಪನಿ ಬಿಜಿಎಂಎಲ್ ಮುಚ್ಚುವ ತನಕ ಅಲ್ಲೇ ಇಳಿಯುತ್ತಿದ್ದವರು. ಆಮೇಲೆ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿ ಸೆಕ್ಯುರಿಟಿ ಕೆಲಸ. ಮನೆಯಲ್ಲಿ ತಮಿಳು, ಸ್ಕೂಲಿನಲ್ಲಿ ಕನ್ನಡ, ಕೈಯಲ್ಲಿ ಈಗ ಐರಿಷ್ ನಾಟಕ. ಕೆಜಿಎಫ್‌ನಲ್ಲಿ ಇದೇನೂ ಅಚ್ಚರಿಯಲ್ಲ.

ಮೊದಲು ಖರ್ಚು ನೋಡೋಣ. ಯೂರೊ ಒಂದಕ್ಕೆ ನೂರು ರೂಪಾಯಿ ಎಂದು ಹಿಡಿದರೆ ಬಾಯಿಲೆಕ್ಕ ಸಲೀಸು. ಗಾಲ್ವೇ ವಿಶ್ವವಿದ್ಯಾಲಯದಲ್ಲಿ ಐರಿಷ್ ಅಧ್ಯಯನದ ಎಂ.ಎ. ಇದೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಐರಿಷ್ ಬರವಣಿಗೆಯ ಎಂ.ಫಿಲ್. ಇದೆ, ಅದು ನಡೆಯುವುದು ಆಸ್ಕರ್ ವೈಲ್ಡ್ ಹುಟ್ಟಿದ ಮನೆಯ ಕೇಂದ್ರದಲ್ಲಿ. ಯುರೋಪಿನ ಹೊರಗಿನವರಿಗೆ ಇಂಥ ಒಂದು ವರ್ಷದ ಕೋರ್ಸಿನ ಫೀಸು ಹದಿನೆಂಟರಿಂದ ಇಪ್ಪತ್ತು ಸಾವಿರ ಯೂರೊ ಆಸುಪಾಸು. ಊಟ, ಬಾಡಿಗೆ ಬೇರೆ. ವೀಸಾಕ್ಕೇ ವರ್ಷದ ಖರ್ಚಿಗೆಂದು 10,000 ಯೂರೊ ತೋರಿಸಬೇಕು. ಅಲ್ಲಿಗೆ ಮೂವತ್ತು ಲಕ್ಷ. ಅಕ್ಕ ಆ ಅಂಕಿ ಕೇಳಿ ಏನೂ ಅನ್ನಲಿಲ್ಲ, ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದಳು.

ಈ ಮೂವತ್ತು ಲಕ್ಷದ ದೊಡ್ಡ ಭಾಗವನ್ನು ಒಂದೇ ಏಟಿಗೆ ಕಳೆಯುವುದು ಐರ್ಲೆಂಡ್ ಸರ್ಕಾರದ ಅಂತರರಾಷ್ಟ್ರೀಯ ಶಿಕ್ಷಣ ವಿದ್ಯಾರ್ಥಿವೇತನ. ಫೀಸು ಪೂರ್ತಿ ಮಾಫಿ, ಜೊತೆಗೆ ವರ್ಷಕ್ಕೆ 10,000 ಯೂರೊ ಕೈಗೆ. ಆದರೆ ಯುರೋಪಿನ ಹೊರಗಿನ ಎಲ್ಲ ದೇಶ, ಎಲ್ಲ ವಿಷಯ ಸೇರಿ ವರ್ಷಕ್ಕೆ ಇರುವುದು 60 ಮಾತ್ರ. ಅರ್ಜಿ ಹಾಕುವ ಹೊತ್ತಿಗೆ ಅಲ್ಲಿನ ಯಾವುದಾದರೂ ವಿಶ್ವವಿದ್ಯಾಲಯದ ಪ್ರವೇಶ ಪತ್ರ ಕೈಯಲ್ಲಿರಬೇಕು. ಷರತ್ತಿನ ಮೇಲೆ ಕೊಟ್ಟ ಪತ್ರವಾದರೂ ನಡೆಯುತ್ತದೆ. ವೇತನ ಬಂದರೆ ಸೀಟಿಗೆ ಹಾಕೋಣ ಎಂದು ಕಾಯುವವರು ಅಲ್ಲೇ ಹಿಂದೆ ಬೀಳುತ್ತಾರೆ. ಸಿಕ್ಕ ಹತ್ತು ಸಾವಿರದಲ್ಲಿ ತಿಂಗಳಿಗೆ 833 ಯೂರೊ ಬರುತ್ತದೆ. ಡಬ್ಲಿನ್ನಿನಲ್ಲಿ ಒಂದು ಕೋಣೆಯ ಬಾಡಿಗೆಯೇ ಅದನ್ನು ನುಂಗುವುದುಂಟು, ಹಾಗಾಗಿ ನಾನು ಗಾಲ್ವೇ ಕಡೆಗೇ ಬೆರಳು ತೋರಿಸಿದೆ. ತರಗತಿ ನಡೆಯುವಾಗ ವಾರಕ್ಕೆ ಇಪ್ಪತ್ತು ಗಂಟೆ ಕೆಲಸ ಮಾಡಬಹುದು. 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 13.50 ಯೂರೊ ಇತ್ತು. ಈ ಸಂಪಾದನೆ ಅಲ್ಲಿಗೆ ಹೋದ ಮೇಲಿನ ಮಾತು. ವೀಸಾ ಅರ್ಜಿಯಲ್ಲಿ ಅದನ್ನು ಆದಾಯ ಎಂದು ತೋರಿಸುವಂತಿಲ್ಲ.

ಈ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಗೆಲ್ಲಿಸುವುದು ಅಂಕಪಟ್ಟಿಯ ಜೊತೆಗೆ “ಯಾಕೆ ಐರ್ಲೆಂಡ್?” ಎಂಬ ಪ್ರಶ್ನೆಗೆ ಬರೆಯುವ ಉತ್ತರ. ಇಲ್ಲಿ ನಮ್ಮೂರಿನವರಿಗೆ ಒಂದು ಅನುಕೂಲವಿದೆ. ಕೋಲಾರದ ಚಿನ್ನದ ಬೆನ್ನುಹತ್ತಿ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿಯ ಪರವಾನಗಿ ಪಡೆದ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್ ಐರಿಷ್ ಮೂಲದ ನಿವೃತ್ತ ಸೈನಿಕ. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರಿನದೇ. ಅವನಿಗೆ ಪರವಾನಗಿ ಸಿಕ್ಕ ಬೆನ್ನಲ್ಲೇ 1876–78ರ ಮಹಾಕ್ಷಾಮ ಬಂತು. ಆಮೇಲೆ, 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಹೊಟ್ಟೆಪಾಡಿಗೆ ಬಂದವರು ಗಣಿಗಿಳಿದರು. ನಮ್ಮ ಮುತ್ತಾತ ಅವರಲ್ಲೊಬ್ಬ. ಐರ್ಲೆಂಡಿನವರು 1840ರ ದಶಕದ ಆಲೂಗಡ್ಡೆ ಕ್ಷಾಮವನ್ನು ಕಥೆ, ನಾಟಕ, ಇತಿಹಾಸದಲ್ಲಿ ಇವತ್ತಿಗೂ ಬರೆಯುತ್ತಿದ್ದಾರೆ. ನಾವು ನಮ್ಮದನ್ನು ಎಷ್ಟು ಬರೆದೆವು? ಈ ಪ್ರಶ್ನೆ ಇಟ್ಟುಕೊಂಡು ಬರೆ ಅಂದೆ. ಬರೆದಳು, ಚೆನ್ನಾಗಿಯೇ ಬರೆದಳು. ಬೆಲ್‌ಫಾಸ್ಟಿನ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಮೈಸೂರಿನಲ್ಲಿ ಕುವೆಂಪು ಅವರ ಇಂಗ್ಲಿಷ್ ಕವಿತೆ ನೋಡಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದದ್ದನ್ನೂ ಸೇರಿಸಿದ್ದಳು. ಅದನ್ನು ತೆಗೆಸಿದೆ. ಒಳ್ಳೆಯ ಸಂಗತಿಯೇ, ಆದರೆ ಅರ್ಜಿಯಲ್ಲಿ ಎರಡು ಕಥೆಗೆ ಜಾಗವಿಲ್ಲ.

ಇನ್ನು ಹೆಸರಿನಲ್ಲಿ ಐರ್ಲೆಂಡ್ ಇಲ್ಲದ ದುಡ್ಡು. ನಮ್ಮದು ಆದಿ ದ್ರಾವಿಡ ಕುಟುಂಬ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಪರಿಶಿಷ್ಟ ಜಾತಿಯವರು, ಅಲೆಮಾರಿ ಬುಡಕಟ್ಟಿನವರು, ಭೂಹೀನ ಕೃಷಿ ಕೂಲಿಗಳು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳು ಅರ್ಹರು. ವರ್ಷಕ್ಕೆ 125 ಜನ, ಶೇ. 30 ಹೆಣ್ಣುಮಕ್ಕಳಿಗೆ. ಕುಟುಂಬದ ವಾರ್ಷಿಕ ವರಮಾನ ಎಂಟು ಲಕ್ಷದೊಳಗಿರಬೇಕು, ವಯಸ್ಸು 35 ಮೀರಿರಬಾರದು, ಅರ್ಹತಾ ಪರೀಕ್ಷೆಯಲ್ಲಿ ಶೇ. 60 ಅಂಕ ಬೇಕು. ಫೀಸು, ವಿಮಾನ, ವೀಸಾ, ಆರೋಗ್ಯ ವಿಮೆ ಎಲ್ಲ ಸರ್ಕಾರದ್ದು. ಐರ್ಲೆಂಡಿನಂಥ ದೇಶದಲ್ಲಿ ಜೀವನಕ್ಕೆ ವರ್ಷಕ್ಕೆ 15,400 ಡಾಲರ್. ಸೇರುವ ವಿಶ್ವವಿದ್ಯಾಲಯ ಕ್ಯೂಎಸ್ ಪಟ್ಟಿಯ ಮೊದಲ 500ರಲ್ಲಿರಬೇಕು. ಟ್ರಿನಿಟಿ, ಗಾಲ್ವೇ ಎರಡೂ ಅದರೊಳಗಿವೆ. ಲೆಕ್ಕ ಹಾಕಿದರೆ ಐರ್ಲೆಂಡ್ ಸರ್ಕಾರ ಕೊಡುವುದಕ್ಕಿಂತ ನಮ್ಮ ಸರ್ಕಾರದ ಕೈಯೇ ದೊಡ್ಡದು.

ಆದರೆ 2022ರಲ್ಲಿ ಈ ಯೋಜನೆಗೆ ಒಂದು ನಿಯಮ ಬಂತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತೀಯ ಸಮಾಜದ ಬಗೆಗಿನ ಓದಿಗೆ ಈ ದುಡ್ಡು ಇಲ್ಲ. ಅಂದರೆ ಗಣಿ ಕಾರ್ಮಿಕನ ಮಗಳು ಸರ್ಕಾರದ ಖರ್ಚಿನಲ್ಲಿ ಸಮುದ್ರ ದಾಟಿ ಐರ್ಲೆಂಡಿನ ಕ್ಷಾಮವನ್ನು ಓದಬಹುದು, ತನ್ನ ಹಿರಿಯರನ್ನು ಗಣಿಗೆ ತಳ್ಳಿದ ಕ್ಷಾಮವನ್ನು ಓದುವಂತಿಲ್ಲ. ಈ ನಿಯಮ ಸರಿ ಎಂದು ನನಗೆ ಅನ್ನಿಸಿಲ್ಲ. ಆದರೂ ಅಂಕಣಕಾರನಾಗಿ ಹೇಳಬೇಕಾದ್ದು ಇಷ್ಟು: ಒಂದೇ ಬರಹವನ್ನು ಎರಡೂ ಕಡೆ ಕಳಿಸಬೇಡಿ. ಐರ್ಲೆಂಡ್ ಸರ್ಕಾರಕ್ಕೆ ಬರೆದದ್ದರಲ್ಲಿ ಕೆಜಿಎಫ್ ಮುಂದಿತ್ತು. ದಿಲ್ಲಿಗೆ ಬರೆದದ್ದರಲ್ಲಿ ಕೋರ್ಸು, ಅದರ ಪಠ್ಯ, ಮುಂದೆ ಇಲ್ಲಿ ಇಂಗ್ಲಿಷ್ ಕಲಿಸುವ ಯೋಚನೆ ಮಾತ್ರ. ಎರಡರಲ್ಲೂ ಸುಳ್ಳಿಲ್ಲ. “ಒಂದು ಅರ್ಜಿಯಲ್ಲಿ ನಾನು ಆಂಡರ್ಸನ್‌ಪೇಟೆಯವಳು, ಇನ್ನೊಂದರಲ್ಲಿ ಯಾವೂರೂ ಅಲ್ಲ” ಎಂದು ಅವಳು ಸಿಡುಕಿದ್ದು ನ್ಯಾಯವೇ.

ಈ ಸಾಗರೋತ್ತರ ವೇತನಕ್ಕೆ ಆಯ್ಕೆಯಾದರೂ ಟಿಕೆಟ್ ತೆಗೆಯಲು ಅವಸರ ಬೇಡ. 2025ರಲ್ಲಿ ಆಯ್ಕೆಯಾದ 106 ಮಂದಿಯಲ್ಲಿ ಮೊದಲಿಗೆ ಪತ್ರ ಬಂದದ್ದು 40 ಮಂದಿಗೆ. ಉಳಿದವರಿಗೆ ಅನುದಾನದ ಲಭ್ಯತೆ ನೋಡಿ ಎಂಬ ಉತ್ತರ. ವಿಶ್ವವಿದ್ಯಾಲಯದ ಮುಂಗಡ ಕಟ್ಟುವ ಕೊನೆಯ ದಿನಾಂಕ ಯಾರಿಗೂ ಕಾಯುವುದಿಲ್ಲ. ಹೀಗಾಗಿ ಪ್ರವೇಶವನ್ನು ಒಂದು ವರ್ಷ ಮುಂದೂಡಲು ಬಿಡುತ್ತೀರಾ ಎಂದು ಮೊದಲೇ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯನ್ನೂ ವಿಚಾರಿಸಿ, ಅಲ್ಲಿ ಕುಟುಂಬದ ವರಮಾನ ನೋಡಿ ನೆರವು ಎಷ್ಟೆಂದು ನಿಗದಿಯಾಗುತ್ತದೆ. ನಮ್ಮೂರಿನ ಕ್ರೈಸ್ತ, ಮುಸ್ಲಿಂ ಮನೆಗಳವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ವಿದೇಶ ವ್ಯಾಸಂಗ ಸಾಲದ ಕಡೆ ನೋಡಬಹುದು.

ಬ್ಯಾಂಕ್ ಸಾಲದ ಬಗ್ಗೆ ಭಾವ ತಾವಾಗಿಯೇ ಮಾತೆತ್ತಿದರು. ಇಪ್ಪತ್ತು ಲಕ್ಷ, ಶೇ. 10.5 ಬಡ್ಡಿ, ಹತ್ತು ವರ್ಷ ಎಂದರೆ ತಿಂಗಳ ಕಂತು ಸುಮಾರು 27,000 ರೂಪಾಯಿ. ಓದುವ ಕಾಲದ ಬಡ್ಡಿ ಬೇರೆ. ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತದೆ. ಗಣಿಯ ಕ್ವಾರ್ಟರ್ಸಿನಲ್ಲಿ ಮೂರು ತಲೆಮಾರು ಕಳೆದ ಎಷ್ಟೋ ಮನೆಗಳಿಗೆ ಸ್ವಂತ ಹೆಸರಿನ ಪತ್ರವೇ ಇಲ್ಲ. ಪತ್ರ ಇದ್ದವರಿಗೂ ನಾನು ಹೇಳುವುದು ಒಂದೇ: ಎಂಜಿನಿಯರಿಂಗ್ ಓದಿದವರು ತೀರಿಸುವ ಹಾಗೆ ಸಾಹಿತ್ಯ ಓದಿದವರು ಸಾಲ ತೀರಿಸಲಾರರು, ಈ ವಿಷಯಕ್ಕೆ ಮನೆ ಅಡವಿಡಬೇಡಿ. ಬಡ್ಡಿಗೆ ತೆರಿಗೆ ವಿನಾಯಿತಿ ಇದೆಯಲ್ಲ ಎನ್ನುವವರಿಗೆ, ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಸಾಲಕ್ಕಿಂತ ಎಷ್ಟೋ ಮೇಲು ನೆಟ್ ಪರೀಕ್ಷೆ. ಅದರಲ್ಲಿ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಇಂಗ್ಲಿಷ್ ವಿಭಾಗದಲ್ಲಿ ಐರಿಷ್ ನಾಟಕದ ಮೇಲೆ ಪಿಎಚ್.ಡಿ. ಮಾಡಲು ಯಾರ ಅಡ್ಡಿಯೂ ಇಲ್ಲ. ಇಲ್ಲಿ ಸಿಂಗ್‌ನನ್ನು ನಮ್ಮ ಗಣಿಯ ಪಕ್ಕದಲ್ಲೇ ಇಟ್ಟು ಓದಬಹುದು, 2022ರ ನಿಯಮ ಇಲ್ಲಿಗೆ ಬರುವುದಿಲ್ಲ. ಪರಿಶಿಷ್ಟ ಜಾತಿಯವರ ರಾಷ್ಟ್ರೀಯ ಫೆಲೋಶಿಪ್ಪಿನ ಮೊತ್ತವೂ ಹೆಚ್ಚುಕಡಿಮೆ ಇಷ್ಟೇ. ಕ್ರೈಸ್ತ, ಮುಸ್ಲಿಂ ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022ರಲ್ಲಿ ನಿಂತುಹೋಯಿತು. ಆ ಮನೆಗಳ ಮಕ್ಕಳು ಜೆಆರ್‌ಎಫ್ ಅನ್ನೇ ನೆಚ್ಚಬೇಕು. ಐರ್ಲೆಂಡಿಗೇ ಹೋಗಿ ಪಿಎಚ್.ಡಿ. ಮಾಡುವವರಿಗೆ ‘ರಿಸರ್ಚ್ ಐರ್ಲೆಂಡ್’ ವರ್ಷಕ್ಕೆ 25,000 ಯೂರೊ ಕೊಡುತ್ತದೆ, ಫೀಸಿಗೆ 5,750ರ ತನಕ. ಯುರೋಪಿನ ಹೊರಗಿನವರ ಫೀಸು ಇದಕ್ಕಿಂತ ಹೆಚ್ಚಿರುತ್ತದೆ. ಮಿಕ್ಕದ್ದನ್ನು ವಿಶ್ವವಿದ್ಯಾಲಯ ಭರಿಸುತ್ತದೆಯೇ ಎಂದು ಕೇಳದೆ ಒಪ್ಪಿಕೊಳ್ಳಬೇಡಿ.

ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲೂ ಐರಿಷ್ ಅಧ್ಯಯನ ಇದೆ. ಆದರೆ ಅದು ಬ್ರಿಟನ್ನಿನ ಆಡಳಿತಕ್ಕೆ ಸೇರಿದ್ದು. ಡಬ್ಲಿನ್ನಿನ ದುಡ್ಡು ಅಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನ ಚೀವನಿಂಗ್, ಕಾಮನ್‌ವೆಲ್ತ್ ವೇತನಗಳು ನಡೆಯುತ್ತವೆ. ಚೀವನಿಂಗ್‌ಗೆ ಎರಡು ವರ್ಷ ಕೆಲಸ ಮಾಡಿದ ಅನುಭವ ಬೇಕು. ಅವಳಿಗೆ ಅದಿಲ್ಲ, ಸದ್ಯಕ್ಕೆ ಬಿಟ್ಟೆವು.

ಯಾವ ವೇತನವೂ ಮುಂಚಿತವಾಗಿ ಕೊಡದ ಖರ್ಚೊಂದಿದೆ: ಪಾಸ್‌ಪೋರ್ಟಿಗೆ 1,500 ರೂಪಾಯಿ, ಐಇಎಲ್‌ಟಿಎಸ್ ಪರೀಕ್ಷೆಗೆ ಹದಿನೆಂಟು ಸಾವಿರದ ಹತ್ತಿರ, ಒಂದೊಂದು ವಿಶ್ವವಿದ್ಯಾಲಯದ ಅರ್ಜಿಗೆ ಐವತ್ತು ಯೂರೊ ಆಸುಪಾಸು, ಜೊತೆಗೆ ಅಂಕಪಟ್ಟಿಯ ಪ್ರತಿಗಳು. ಏನೂ ಸಿಗದಿದ್ದರೂ ಇದು ಹೋದ ದುಡ್ಡೇ. ಮೂವತ್ತು ಸಾವಿರ ಎತ್ತಿಡಿ. ಅಕ್ಕ ಬಳೆ ಅಡವಿಡುತ್ತೇನೆ ಅಂದಳು. ಬೇಡ ಅಂದೆ, ನನ್ನ ಚೀಟಿ ಎತ್ತಿಕೊಟ್ಟೆ. ವಾಪಸು ಕೊಡುವುದು ಅವಳ ಮೊದಲ ಫೆಲೋಶಿಪ್ ಹಣದಲ್ಲಿ ಎಂದು ಮಾತಾಗಿದೆ, ಅದು ಗಾಲ್ವೇಯದ್ದಾಗಲಿ ಜೆಆರ್‌ಎಫ್‌ನದ್ದಾಗಲಿ. ನೆಟ್‌ಗೂ ಅರ್ಜಿ ಹಾಕಿದ್ದಾಳೆ.