ಪಂಡಿತೆಯ ಕಪಟೋಪವಾಸ

ಅಷ್ಟಮೀ ಚತುರ್ದಶಿಗಳಂದು ಪ್ರೋಷಧೋಪವಾಸವನ್ನು ಕೈಕೊಳ್ಳುವ ಶ್ರಾವಕ ಶ್ರಾವಿಕೆಯರಿಗೆ ಸುದರ್ಶನ ಶ್ರೇಷ್ಠಿಯ ಕಥೆ ಹೊಸದಲ್ಲ. ನಯನಂದಿ ಮುನಿಯು ಕ್ರಿ.ಶ. 1043ರ ಸುಮಾರಿನಲ್ಲಿ ಅದನ್ನು ಅಪಭ್ರಂಶದಲ್ಲಿ ಕಾವ್ಯವಾಗಿಸಿದನು. ರಾಮಚಂದ್ರ ಮುಮುಕ್ಷುವಿನ ಪುಣ್ಯಾಸ್ರವ ಕಥಾಕೋಶದಲ್ಲಿಯೂ ಅದು ಬರುತ್ತದೆ. ಆದರೆ ಶ್ರೇಷ್ಠಿಯ ಶೀಲವನ್ನು ಕೊಂಡಾಡುವ ಭರದಲ್ಲಿ ನಾವು ರಾಣಿಯ ದಾದಿ ಪಂಡಿತೆಯನ್ನು ಮರೆಯುತ್ತೇವೆ. ವ್ರತಿಗಳು ವಿಚಾರಿಸಬೇಕಾದುದು ಆಕೆಯ ನಡತೆಯನ್ನು.

ಚಂಪಾಪುರದ ಅರಸು ಧಾತ್ರೀವಾಹನ. ಅವನ ರಾಣಿ ಅಭಯಮತಿ. ಸುದರ್ಶನನನ್ನು ವಶಪಡಿಸಿಕೊಳ್ಳುವೆನೆಂದು ರಾಣಿ ಪಣತೊಟ್ಟಳು. ಅವನು ಏಕಪತ್ನೀವ್ರತನು, ಇದು ತಕ್ಕುದಲ್ಲ ಎಂದು ಪಂಡಿತೆ ಮೊದಲು ಬುದ್ಧಿ ಹೇಳಿದಳು. ರಾಣಿ ಹಟ ಬಿಡಲಿಲ್ಲ, ದಾದಿ ಒಪ್ಪಿದಳು. ಒಪ್ಪಿದ ಮೇಲೆ ಮಾತ್ರ ಅವಳ ಜಾಣ್ಮೆಗೆ ಎಣೆಯಿಲ್ಲ. ಕುಂಬಾರನಿಂದ ಆಳೆತ್ತರದ ಏಳು ಮಣ್ಣಿನ ಗೊಂಬೆಗಳನ್ನು ಮಾಡಿಸಿ, ರಾತ್ರಿಗೊಂದರಂತೆ ಹೊತ್ತು ತಂದಳು. ದ್ವಾರಪಾಲಕನು ತಡೆದಾಗ ಗೊಂಬೆಯನ್ನು ಕೆಡವಿ ಒಡೆದು, “ರಾಣಿಯವರಿಗೆ ಇಂದು ಉಪವಾಸ; ಪೂಜೆಯ ಪ್ರತಿಮೆಯನ್ನು ಒಡೆದೆಯಲ್ಲ, ನಿನ್ನ ತಲೆ ಉಳಿಯದು” ಎಂದು ಗದರಿಸಿದಳು. ಹೆದರಿದ ಕಾವಲಿನವರು ಬಳಿಕ ಅವಳನ್ನು ಕೇಳುವುದನ್ನೇ ಬಿಟ್ಟರು. ಅಷ್ಟಮಿಯ ಇರುಳು ಶ್ಮಶಾನದಲ್ಲಿ ಉಪವಾಸವಿದ್ದು ಕಾಯೋತ್ಸರ್ಗದಲ್ಲಿ ನಿಂತಿದ್ದ ಸುದರ್ಶನನನ್ನು ಗೊಂಬೆಯಂತೆಯೇ ಹೊತ್ತು ಅಂತಃಪುರದೊಳಕ್ಕೆ ತಂದಳು. ಹೀಗೆ ಇಲ್ಲದ ಉಪವಾಸದ ಹೆಸರಿನಲ್ಲಿ, ನಿಜವಾಗಿ ಉಪವಾಸವಿದ್ದವನು ಸೆರೆಯಾದನು.

ನಂದಿಯ ಶಾಲೆಯಲ್ಲಿ ಈ ಕಥೆ ಹೇಳಿದಾಗ ಒಬ್ಬ ಬಾಲಕನು, “ಒಡತಿ ಹೇಳಿದ್ದನ್ನು ಮಾಡಿದಳು, ಅವಳ ತಪ್ಪೇನು ಮೇಷ್ಟ್ರೇ?” ಎಂದು ಕೇಳಿದನು. ಅಂದು ಸಮಾಧಾನಕರವಾದ ಉತ್ತರ ನನ್ನಲ್ಲಿರಲಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕೃತ, ಕಾರಿತ, ಅನುಮತಗಳೆಂದು ಮೂರನ್ನು ಹೇಳಿ, ಸಂರಂಭಾದಿ ಮೂರು, ಯೋಗ ಮೂರು, ಕಷಾಯ ನಾಲ್ಕರೊಡನೆ ಗುಣಿಸಿ 108 ಭೇದಗಳನ್ನು ಎಣಿಸುತ್ತದೆ. ಜಪಮಾಲೆಯ ಮಣಿಗಳು 108 ಆಗಿರುವುದು ಇದರಿಂದಲೇ ಎಂದು ಹಿರಿಯರು ಹೇಳುವುದುಂಟು. ಮಾಡಿಸಿದವಳು ರಾಣಿ, ಮಾಡಿದವಳು ದಾದಿ. ಒಬ್ಬಳ ಪಾಪವು ಇನ್ನೊಬ್ಬಳ ಲೆಕ್ಕದಲ್ಲಿ ಕಳೆದುಹೋಗುವುದಿಲ್ಲ. ತಿಳಿಯದೆ ಮಾಡಿದೆನೆನ್ನಲು ಅವಳಿಗೆ ಎಡೆಯೂ ಇಲ್ಲ, ಮೊದಲು ಬೇಡವೆಂದವಳು ಅವಳೇ.

ಉಪಾಯ ಕೆಟ್ಟಿತು. ಸುದರ್ಶನನು ಕದಲಲಿಲ್ಲ. ರಾಣಿ ತಾನೇ ಮೈ ಪರಚಿಕೊಂಡು ಅಪವಾದ ಹೊರಿಸಿದಳು. ಅರಸನು ವಧೆಗೆ ಆಜ್ಞೆಯಿತ್ತನು. ದೇವತೆಯ ಸಹಾಯದಿಂದ ಶ್ರೇಷ್ಠಿ ಉಳಿದನು. ಸತ್ಯ ಹೊರಬೀಳಲು ರಾಣಿ ಪ್ರಾಣ ಕಳೆದುಕೊಂಡು ವ್ಯಂತರಿಯಾದಳು. ಪಂಡಿತೆ ಪಾಟಲೀಪುತ್ರಕ್ಕೆ ಓಡಿ, ದೇವದತ್ತೆಯೆಂಬ ಗಣಿಕೆಯ ಮನೆಯಲ್ಲಿ ಅಡಗಿದಳು. ಅರಮನೆಯ ಏಳು ಬಾಗಿಲುಗಳನ್ನೂ ಮಾತಿನಿಂದಲೇ ತೆರೆಸಿದವಳಿಗೆ ಉಳಿದ ಬಾಗಿಲು ಅದೊಂದೇ.

ಅಲ್ಲಿಯೂ ಅವಳು ಸುಮ್ಮನಿರಲಿಲ್ಲ. ಮುನಿಯಾಗಿ ಆ ಊರಿಗೆ ಬಂದ ಸುದರ್ಶನನನ್ನು ದೇವದತ್ತೆಗೆ ತೋರಿಸಿಕೊಟ್ಟಳು. ಗಣಿಕೆಯೂ ಸೋತು ಅವನನ್ನು ಶ್ಮಶಾನದಲ್ಲಿ ಬಿಡಿಸಿದಳು. ವ್ಯಂತರಿಯ ಉಪಸರ್ಗವನ್ನು ಸಹಿಸಿ ಅವನು ಕೇವಲಜ್ಞಾನವನ್ನು ಪಡೆದನು. ಪಂಡಿತೆ ದೇವದತ್ತೆಯೊಡನೆ ಧರ್ಮಮಾರ್ಗವನ್ನು ಹಿಡಿದುದು ಆಗಲೇ. ಸುದರ್ಶನ ಕೇವಲಿಯ ಸಿದ್ಧಕ್ಷೇತ್ರವು ಇಂದಿನ ಪಾಟ್ನಾದ ಗುಲ್ಜಾರಬಾಗಿನ ಕಮಲದಹದಲ್ಲಿದೆ.